ನೆರಳಿನ ಹಿಂಡು

ಒಂದೂರಲ್ಲಿ ಒಬ್ಬ ಕುರಿಗಾಹಿ ಇದ್ದನಂತೆ. ಅವನ ಕುರಿಗಳು ಎಷ್ಟು ಸಣ್ಣವೆಂದರೆ, ಒಂದು ಚಿಟಿಕೆ ಮಣ್ಣಿನಲ್ಲಿ ಇಡೀ ಹಿಂಡೇ ಮಲಗುತ್ತಿತ್ತಂತೆ. ಗಾಳಿ ಮೇಯ್ದು ಗಿಡಗಳಿಗೆ ಹಾಲೂಡುತ್ತಿದ್ದವಂತೆ. ಬಿಸಿಲು ಬಿದ್ದರೆ ಮಾತ್ರ ಉಳಿಯುತ್ತಿರಲಿಲ್ಲವಂತೆ. ಅಪ್ಪ ಹೇಳುತ್ತಿದ್ದ ಕತೆ. ಈಗ ಮಂಚದ ಮೇಲೆ ಉಸಿರಿಲ್ಲದೆ ಮಲಗಿದ್ದ ಆ ಅಪ್ಪನ ಉಗುರುಗಳನ್ನು ಮಗಳು ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದಳು.

"ಸಾಕು ಬಿಡೇ, ಮದುವೆ ಗಂಡಿಗೂ ಇಷ್ಟು ತಿಕ್ಕಲ್ಲ," ಎಂದಳು ಅತ್ತೆ, ಅಪ್ಪನ ತಂಗಿ. "ಅವನ ಊಟದ ಚೀಲ ಇನ್ನೂ ಸೈಕಲ್ಲಿಗೇ ನೇತಾಡ್ತಿದೆ, ಡಬ್ಬಿ ತೊಳೆದಿಲ್ಲ. ಇವಳಿಗೆ ಉಗುರಿನ ಚಿಂತೆ!"

"ಜನ ಬರ್ತಾರಲ್ಲ ಅತ್ತೆ."

ಅಪ್ಪ ಜೀವಾಣು ಗೊಬ್ಬರ ತಯಾರಿಸುವಲ್ಲಿ ಕೆಲಸಕ್ಕಿದ್ದವನು. ಗಾಳಿಯ ಸಾರಜನಕವನ್ನು ಹಿಡಿದು ಗಿಡದ ಬೇರಿಗೆ ಉಣಿಸುವ ಸೂಕ್ಷ್ಮಜೀವಿಗಳನ್ನು ಬೆಳೆಸಿದ ದ್ರವವನ್ನು ಇದ್ದಿಲ ಪುಡಿಗೆ ಕಲಸಿ ಪೊಟ್ಟಣ ಕಟ್ಟುತ್ತಿದ್ದ. ಎಷ್ಟು ತೊಳೆದರೂ ಉಗುರುಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಬೀದಿಯವರಿಗೆ ಅವನು ಕರಿಗೈ. ಬಂದವರ ಮೂಗಿಗೆ ಆ ಹಸಿಮಣ್ಣಿನ ವಾಸನೆಯೂ ಬೀಳದಿರಲೆಂದು, ಅಡುಗೆಮನೆಯ ತಂಪು ಮೂಲೆಯಲ್ಲಿದ್ದ ಪೊಟ್ಟಣಗಳ ಬುಟ್ಟಿಯನ್ನು ಮಗಳು ಬೆಳಿಗ್ಗೆಯೇ ಹೊರಗೋಡೆಯ ಮೇಲಿಟ್ಟಿದ್ದಳು.

*

ಅವಳು ಶಾಲೆಯಲ್ಲಿದ್ದಾಗೊಮ್ಮೆ ಅಪ್ಪ ಒಂದು ಬೀನ್ಸ್ ಗಿಡವನ್ನು ಬೇರುಸಹಿತ ಹಿಡಿದುಕೊಂಡು ತರಗತಿಯ ಬಾಗಿಲಿಗೇ ಬಂದುಬಿಟ್ಟಿದ್ದ. ಬೇರಿನ ಗಂಟನ್ನು ಉಗುರಿನಿಂದ ಸೀಳಿ, "ನೋಡಿ ಮಕ್ಕಳೇ, ಒಳಗೆ ಗುಲಾಬಿ ಬಣ್ಣ, ಇದೇ ಕುರಿದೊಡ್ಡಿ" ಎಂದು ತೋರಿಸುವ ಆಸೆ ಅವನಿಗೆ.

"ಯಾರೇ ಇವರು?" ಟೀಚರ್ ಅವಳನ್ನು ಕೇಳಿದರು.

"ಇದ್ದಿಲು ಮಾರೋರು ಮಿಸ್."

ಅಪ್ಪ ಅವಳನ್ನೇ ನೋಡಿದ. ಆಮೇಲೆ ನಕ್ಕ. "ಹೌದು ಮೇಡಂ. ಇದ್ದಿಲು ಬೇಕಿತ್ತಾ ಅಂತ ಕೇಳೋಣ ಅಂತ ಬಂದೆ."

ಗಿಡವನ್ನು ಬೆನ್ನ ಹಿಂದೆ ಹಿಡಿದುಕೊಂಡು ಹಿಮ್ಮುಖವಾಗಿಯೇ ಹೊರಟುಹೋದ. ಮನೆಯಲ್ಲಿ ಆ ಮಾತೆತ್ತಲಿಲ್ಲ. ಕುರಿಗಾಹಿಯ ಕತೆಯನ್ನೂ ಮತ್ತೆಂದೂ ಹೇಳಲಿಲ್ಲ.

*

ತರಕಾರಿ ತೋಟದ ಅಕ್ಕ ಬಂದು ಅತ್ತಳು. ಅತ್ತ ಮೇಲೂ ಹೋಗದೆ, ಕೈಯಲ್ಲಿದ್ದ ಬೀಜದ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ ನಿಂತಳು.

"ಕೇಳೋಕೆ ಬಾಯೇ ಬರ್ತಿಲ್ಲ ಕಣಮ್ಮ. ನಾಳೆ ಬಿತ್ತನೆ. ಬೀಜಕ್ಕೆ ಇವತ್ತು ಪುಡಿ ಹಚ್ಚಿಕೊಡ್ತೀನಿ ಅಂತ ಅಣ್ಣ ಮಾತು ಕೊಟ್ಟಿದ್ರು. ಹೋದ ಸಲ ಅಂಗಡೀಲಿ ಬಿಸಿಲಲ್ಲಿ ಬಿದ್ದಿದ್ದ ಪೊಟ್ಟಣ ತಂದು, ಗಿಡ ಎಲ್ಲಾ ಹಳದಿ ತಿರುಗಿಬಿಡ್ತು. ಈ ಸಲಾನೂ ಹಾಗಾದ್ರೆ ಮನೆ ನಡೆಯಲ್ಲ."

"ಅಣ್ಣ ಇನ್ನೂ ಇಲ್ಲೇ ಮಲಗಿದ್ದಾನೆ, ನಿಂಗೆ ಬೀಜ ಬೇಕಾಯ್ತಾ?" ಅತ್ತೆ ರೇಗಿದಳು.

ಮಗಳು ಹೊರಗೋಡಿದಳು. ಬುಟ್ಟಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಪೊಟ್ಟಣಗಳು ಒಲೆಯಿಂದ ಇಳಿಸಿದಂತೆ ಸುಡುತ್ತಿದ್ದವು.

ಹಿಂದೆಯೇ ಬಂದ ತೋಟದಕ್ಕ ಒಂದನ್ನು ಮುಟ್ಟಿ ಕೈ ಹಿಂದೆಗೆದಳು. "ಅಯ್ಯೋ, ಯಾರಿಟ್ಟಿದ್ದು? ಎಲ್ಲಾ ಸತ್ತಿರ್ತವೆ."

"ನಾನೇ," ಎಂದಳು ಮಗಳು. ತಲೆಯೆತ್ತಲಾಗಲಿಲ್ಲ. "ವಾಸನೆ ಅಂತ..."

"ಹೋಗ್ಲಿ ಬಿಡು ಮಗಳೇ." ತೋಟದಕ್ಕ ಬೀಜದ ಚೀಲವನ್ನು ಕಂಕುಳಿಗೇರಿಸಿದಳು.

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಅಪ್ಪನ ಸೈಕಲ್ಲಿತ್ತು. ನಿನ್ನೆ ಅದನ್ನು ನಿಲ್ಲಿಸಿ, ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಮಗಳು ಊಟದ ಚೀಲಕ್ಕೆ ಕೈಹಾಕಿದಳು. ಡಬ್ಬಿಯ ಪಕ್ಕದಲ್ಲಿ ಒದ್ದೆ ಬಟ್ಟೆ; ಬಟ್ಟೆಯೊಳಗೆ ಒಂದು ಪೊಟ್ಟಣ. ತಣ್ಣಗಿತ್ತು.

"ಅಕ್ಕಾ, ನಿಲ್ಲಿ!"

ಬೀಜಕ್ಕೆ ಅಂಟಲೆಂದು ಕಲಸಿದ ಸಕ್ಕರೆ ನೀರಿಗೆ ಪುಡಿ ಸುರಿದು, ಬೀಜ ಹಾಕಿ ಹೊರಳಿಸತೊಡಗಿದಳು.

"ಕೈಗೊಂದು ಕವರಾದ್ರೂ ಹಾಕ್ಕೊಳ್ಳೇ," ಎಂದಳು ಅತ್ತೆ.

"ಬೇಡ ಅತ್ತೆ."

ಇನ್ನು ಬೀಜ ನೆರಳಲ್ಲಿ ಆರಬೇಕು. ಹೊರಗೆ ಬಿಸಿಲು, ಒಳಗೆ ಕಾಲಿಡಲಾಗದಷ್ಟು ಜನ. ಖಾಲಿ ನೆರಳು ಉಳಿದಿದ್ದುದು ಅಪ್ಪ ಮಲಗಿದ್ದ ಮಂಚದ ಕೆಳಗೆ ಮಾತ್ರ. ಅಲ್ಲಿ ಬಟ್ಟೆ ಹಾಸಿ, ಮೊಣಕಾಲೂರಿ ಹರಡತೊಡಗಿದಳು. ಕೂತವರು ಬಟ್ಟೆಗೆ ತಾಗದಂತೆ ಕಾಲು ಎಳೆದುಕೊಂಡರು.

"ಏನಮ್ಮಾ ಅದು, ಇದ್ದಿಲಾ?" ಆಗಷ್ಟೇ ಬಂದ ಹಿರಿಯರೊಬ್ಬರು ಬಗ್ಗಿ ನೋಡಿದರು.

"ಅಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ನಮ್ಮಪ್ಪನ ಕೆಲಸ."

ಕೊನೆಯ ಹಿಡಿಯನ್ನೂ ಹರಡಿ, ಏಳಲು ಆಸರೆಗೆಂದು ಮೇಲೆ ಚಾಚಿದ ಕೈಗೆ ಸಿಕ್ಕಿದ್ದು ಅಪ್ಪನ ಕೈ. ತಿಕ್ಕಿ ತಿಕ್ಕಿ ಬಿಳಿಚಿದ್ದ ಆ ಕೈಮೇಲೆ ಅವಳ ಬೆರಳುಗಳು ಕಪ್ಪಗೆ ಮೂಡಿದವು. ಒರೆಸಲೆಂದು ಅತ್ತೆ ಒದ್ದೆ ಬಟ್ಟೆ ಚಾಚಿದಳು. ಮಗಳು ಅದನ್ನು ತೆಗೆದುಕೊಳ್ಳಲಿಲ್ಲ. ಮಂಚದ ಕೆಳಗೆ ಬೀಜ ಆರುತ್ತಿತ್ತು.