ಬಿಸಿ ಪೈ ಮತ್ತು ಬೀಗವಿಲ್ಲದ ಬಾಯಿ

ಪಕ್ಕದ ಮನೆಯ ಮಿಸೆಸ್ ಟಾಲಿವರ್ ಬಾಯಿಗೆ ಬೀಗವಿಲ್ಲ. ಯಾರ ಗಂಡ ಸೋಫಾದ ಮೇಲೆ ಮಲಗುತ್ತಾನೆ, ಯಾರ ಅಂಗಳದ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಎಲ್ಲವೂ ಆಕೆಯ ನಾಲಗೆಯ ತುದಿಯಲ್ಲೇ. ಬೇರೆಲ್ಲೂ ಮನೆ ಸಿಗಲಿಲ್ಲವೇ ಈ ಹೆಂಗಸಿಗೆ ಎಂದು ನಾನು ವರ್ಷಗಟ್ಟಲೆ ಗೊಣಗಿದ್ದೇನೆ.

ನನ್ನ ಮಗ ಡಾರ್ಸಿಗೆ ಹಡಗುಕಟ್ಟೆಯಲ್ಲಿ, ನೌಕಾಪಡೆಯ ಜಲಾಂತರ್ಗಾಮಿಗಳಿಗೆ ವೆಲ್ಡಿಂಗ್ ಮಾಡುವ ಕೆಲಸ ಸಿಗುವುದರಲ್ಲಿತ್ತು. ಹಿಂದುಮುಂದು ವಿಚಾರಿಸಿ ಸರ್ಕಾರ ಕೊಡುವ ಭದ್ರತಾ ಅನುಮತಿ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಇಲ್ಲ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತ ಮಂಡಿ ಮುರಿದುಕೊಂಡವನು ನೋವಿನ ಮಾತ್ರೆಗೆ ಅಂಟಿಕೊಂಡಿದ್ದ. ಡಾಕ್ಟರು ನಿಲ್ಲಿಸಿದ ಮೇಲೆ ಬೀದಿಯಲ್ಲಿ ಕೊಂಡು ನುಂಗಿದ. ಬಿಟ್ಟು ಎಷ್ಟೋ ವರ್ಷವಾಯಿತು. ಅದನ್ನೆಲ್ಲ ಅರ್ಜಿಯಲ್ಲಿ ಬರೆದೆ ಎಂದು ಅವನೇ ಬಂದು ಹೇಳಿದ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆಯಲ್ಲೋ ಎಂದು ಬೈದೆ.

"ತಗೊಂಡಿದ್ದನ್ನ ಕ್ಷಮಿಸ್ತಾರಪ್ಪ, ಮುಚ್ಚಿಟ್ರೆ ಕ್ಷಮಿಸಲ್ಲ," ಎಂದ.

ಇನ್ನು ಅಧಿಕಾರಿಗಳು ನೆರೆಹೊರೆಯವರ ಬಾಗಿಲು ತಟ್ಟಿ ವಿಚಾರಿಸುತ್ತಾರೆ. ನೆರೆ ಎಂದರೆ ಆಕೆಯೇ ತಾನೆ! ಕಡ್ಡಿಯನ್ನು ಗುಡ್ಡ ಮಾಡುವವಳು. ನಾನು ಪೆಕಾನ್ ಬೀಜದ ಸಿಹಿ ಪೈ ಬೇಯಿಸಿಕೊಂಡು ಬಿಸಿಬಿಸಿಯಾಗಿ ಒಯ್ದೆ. ಯಾರಾದರೂ ಬಂದು ಕೇಳಿದರೆ ಹಳೆಯದೇನೂ ಗೊತ್ತಿಲ್ಲ ಅನ್ನಿ ಎಂದು ಬೇಡಿಕೊಂಡೆ.

ಆಕೆ ತಟ್ಟೆಯನ್ನು ನನ್ನತ್ತಲೇ ತಳ್ಳಿದಳು. "ಹುಡುಗ ನಿಜ ಬರ್ದಿದಾನೆ, ನಾನು ಸುಳ್ಳು ಹೇಳ್ಲಾ? ತಗೊಂಡ್ಹೋಗಯ್ಯ. ಕೆಲಸ ಸಿಕ್ಕಿದ್ಮೇಲೆ ತಗೊಂಬಾ."

ಮರುವಾರ ಅಧಿಕಾರಿ ಬಂದ. ತನ್ನ ಜಗಲಿಯಲ್ಲಿ ಕೂತು ಆಕೆ ಕೈ ಆಡಿಸಿ ಆಡಿಸಿ ಮಾತಾಡಿದಳು, ಆತ ಬರೆದೇ ಬರೆದ. ನಮ್ಮ ಕಿಟಕಿಯ ಪರದೆಯ ಹಿಂದೆ ನಿಂತು ನಾನು ಮಗನ ಕೆಲಸಕ್ಕೆ ಎಳ್ಳುನೀರು ಬಿಟ್ಟೆ.

ವಸಂತದಲ್ಲಿ ಅನುಮತಿ ಬಂತು. ನಂಬಲಾಗದೆ, ಆಕೆ ಏನು ಹೇಳಿದಳಂತೆ ಎಂದು ಡಾರ್ಸಿಯನ್ನು ಕೇಳಿದೆ.

"ಎಲ್ಲಾನೂ ಹೇಳಿದ್ರಂತೆ. ನಾನು ಅವರ ಹೂವಿನ ಪಾತಿಲಿ ಪ್ರಜ್ಞೆ ಇಲ್ದೆ ಬಿದ್ದಿದ್ದೂ ಸೇರಿ," ಎಂದ. ಆಮೇಲೆ ತಲೆ ತಗ್ಗಿಸಿದ. "ನಿಜವಾಗ್ಲೂ ಬಿಟ್ಟಿದೀನಿ ಅನ್ನೋದಕ್ಕೆ ಕಣ್ಣಾರೆ ಕಂಡವರು ಬೇಕಿತ್ತಪ್ಪ. ಚಟ ಬಿಡೋರ ಸಭೆಗೆ ಬಸ್ಸಲ್ಲಿ ಹೋಗ್ತೀನಿ ಅಂತಿದ್ನಲ್ಲ, ಬಸ್ಸಲ್ಲ. ಪ್ರತಿ ಗುರುವಾರ ಅವರೇ ಕಾರಲ್ಲಿ ಕರ್ಕೊಂಡ್ಹೋಗಿ, ಮುಗಿಯೋವರೆಗೂ ಹೊರಗೆ ಕಾಯ್ತಿದ್ರು. ಯಾರಿಗೂ ಹೇಳ್ಬೇಡಿ ಅಂತ ಕೇಳ್ಕೊಂಡಿದ್ದೆ."

ಇಷ್ಟು ವರ್ಷ ಇಡೀ ಬೀದಿಯ ಸುದ್ದಿ ಹಂಚಿದವಳು ಇದೊಂದನ್ನು ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆ ತಾಯಿಯ ಋಣ ತೀರಿಸಲು ನನ್ನಿಂದ ಆಗುವುದಿಲ್ಲ.

ಅಂದೇ ಪೈ ಮಾಡಿ ಒಯ್ದೆ. ಕಣ್ಣು ತುಂಬಿ ಬಂದು ಬಾಗಿಲಲ್ಲೇ ನಿಂತೆ. ಆಕೆ ತಟ್ಟೆ ಇಸಿದುಕೊಂಡು, ದೊಡ್ಡ ತುಂಡು ಕತ್ತರಿಸಿ ಬಾಯಿಗಿಟ್ಟು, ಸಕ್ಕರೆ ಜಾಸ್ತಿಯಾಯಿತು ಎಂದಳು.

"ಹುಡುಗನಿಗೆ ಕೆಲಸ ಸಿಕ್ಕಿದ್ದನ್ನಾದ್ರೂ ಬೀದೀಲಿ ಹೇಳ್ಕೊಂಡ್ಬರ್ಲೇನಯ್ಯ?"

"ಮನೆಮನೆಗೂ ಹೋಗಿ ಹೇಳಿ," ಎಂದೆ.