ಮುದ್ದೆ ಆರುವ ಲೆಕ್ಕ

ನೆಲಮಂಗಲದ ಆಚೆಗಿನ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಯೋಗ ಮಾಡುವ ಪದ್ಧತಿ ಬಹಳ ಸಲೀಸು. ಉತ್ತರ ಮೊದಲು ಬರೆಯುವುದು, ರೀಡಿಂಗನ್ನು ಆಮೇಲೆ ಅದಕ್ಕೆ ಹೊಂದಿಸುವುದು. ಲ್ಯಾಬಿನ ಮೇಷ್ಟ್ರು ದೇವೇಂದ್ರನಿಗೆ ಇದನ್ನು ನೋಡಿ ನೋಡಿ ರೋಸಿಹೋಗಿತ್ತು. ಈ ಸಲ ನಿಮ್ಮ ಪ್ರಯೋಗ ನೀವೇ ಹುಟ್ಟಿಸಿ ಎಂದುಬಿಟ್ಟ. ಹುಡುಗರು ಮುಖ ಮುಖ ನೋಡಿಕೊಂಡು, ಉತ್ತರ ಎಷ್ಟು ಬರಬೇಕು ಅಂತಾದರೂ ಹೇಳಿ ಸಾರ್ ಎಂದು ಗೋಗರೆದರು. ಪ್ರಿನ್ಸಿಪಾಲ್ ನರಸಿಂಹಯ್ಯನವರದು ಒಂದೇ ಮಾತು: ತಾವೇ ಬಂದು ಒಂದು ಪ್ರಯೋಗ ನೋಡುತ್ತಾರೆ, ಅದು ಕೆಟ್ಟರೆ ಈ ಹುಡುಗಾಟ ಅಲ್ಲಿಗೆ ಮುಗಿಯಿತು, ಮತ್ತೆ ಹಳೇ ಪುಸ್ತಕವೇ ಗತಿ.

ತ್ಯಾಮಗೊಂಡ್ಲಿನ ಕೀರ್ತನ, ಅವಳ ಜೊತೆಗಾರ ನಂದೀಶ ಒಂದು ಒಳ್ಳೆಯ ಪ್ರಶ್ನೆ ತಂದರು. ಒಂದು ದೊಡ್ಡ ರಾಗಿಮುದ್ದೆ ಬೇಗ ಆರುತ್ತದೋ, ಅದೇ ಹಿಟ್ಟಿನ ಎರಡು ಚಿಕ್ಕ ಮುದ್ದೆಯೋ? ದೇವೇಂದ್ರ ಹಿಗ್ಗಿ ಹೀರೇಕಾಯಿಯಾದ. ಸ್ವಲ್ಪ ದಿನದಲ್ಲೇ ಗ್ರಾಫೂ ಬಂತು, ನುಣ್ಣಗೆ, ಒಂದು ಚುಕ್ಕಿಯೂ ಆಚೀಚೆ ಇಲ್ಲ. ಆ ನುಣುಪು ನೋಡಿಯೇ ಅವನಿಗೆ ಅನುಮಾನ ಬಂತು. ಹಿಟ್ಟು ಯಾವ ಮಿಲ್ಲಿನದು ಎಂದು ಕೇಳಿದ. ನಂದೀಶ ಸೂರು ನೋಡಿದ. ಮುದ್ದೆಯನ್ನು ಕಟ್ಟೇ ಇರಲಿಲ್ಲ, ಕಳ್ಳರು!

ಮರುದಿನವೇ ಪ್ರಿನ್ಸಿಪಾಲರ ಭೇಟಿ. ದೇವೇಂದ್ರ ಆ ಗ್ರಾಫನ್ನು ಹರಿದು ಹಾಕಿ, ಸ್ಟೌವು, ಪಾತ್ರೆ, ಮುದ್ದೆಕೋಲು ತರಿಸಿದ.

ನರಸಿಂಹಯ್ಯನವರ ಎದುರೇ ಕೀರ್ತನ ಹಿಟ್ಟು ತೊಳಸಿ ಮುದ್ದೆ ಕಟ್ಟಿದಳು. ಲ್ಯಾಬೆಲ್ಲ ಘಮ ಘಮ. ಥರ್ಮಾಮೀಟರ್ ಚುಚ್ಚಿದ್ದಾಯಿತು. ದೊಡ್ಡ ಮುದ್ದೆಯ ಬಿಸಿ ಇಳಿಯಿತು, ಇಳಿಯಿತು, ಆಮೇಲೆ ಇದ್ದಕ್ಕಿದ್ದ ಹಾಗೆ ಏರಿತು. ತಟ್ಟೆಯಲ್ಲಿ ಕೂತ ಮುದ್ದೆ ತಾನಾಗಿ ಕಾಯುವುದನ್ನು ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ ಎಂದು ಪ್ರಿನ್ಸಿಪಾಲರು ನಕ್ಕರು. ದೇವೇಂದ್ರನಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆಯಿತು. ಹೋಯಿತು, ನಾಳೆಯಿಂದ ಹಳೇ ಪುಸ್ತಕ ಅಂದುಕೊಂಡ. ಆ ಒಂದು ರೀಡಿಂಗ್ ಬಿಟ್ಟುಬಿಡೋಣ ಕಣೇ ಎಂದು ನಂದೀಶ ಪಿಸುಗುಟ್ಟಿದ. ಕೀರ್ತನ ಕೇಳಲಿಲ್ಲ.

“ಅದು ಹಂಗೇ ಇರ್ಲಿ ಸಾರ್. ಥರ್ಮಾಮೀಟರ್ ವಾಲ್ಕೊಂಡು ತುದಿ ಅಂಚಿಗೆ ಬಂದಿತ್ತು. ನಾನು ಮತ್ತೆ ಒಳಕ್ಕೆ ಒತ್ತಿದೆ, ನಡುವೆ ಇನ್ನೂ ಸುಡ್ತಿತ್ತು. ತಪ್ಪು ಮುದ್ದೇದಲ್ಲ, ನಂದು.”

ನರಸಿಂಹಯ್ಯನವರ ನಗು ನಿಂತಿತು. ಆ ಲ್ಯಾಬಿನಲ್ಲಿ ತಪ್ಪಿಗೆ ಕಾರಣ ಹೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಅವರು ಕುರ್ಚಿಯನ್ನು ಸ್ಟೌವಿನ ಹತ್ತಿರಕ್ಕೆ ಎಳೆದುಕೊಂಡು, ಅಂಗಿಯ ತೋಳು ಮಡಚಿದರು.

“ಹಂಗಾದ್ರೆ ಇನ್ನೊಂದು ಕಟ್ಟಮ್ಮ. ಈ ಸಲ ಥರ್ಮಾಮೀಟರ್ ನಾನ್ ಹಿಡ್ಕೋತೀನಿ.”