ಹೊರಸಿನಷ್ಟು ಜಾಗ

ಅರವತ್ತೊಂದನೆಯ ಇಸವಿಯ ಜನಗಣತಿಗೆ ಬಂದ ಮಾಸ್ತರರು ಸಕ್ರವ್ವನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕತ್ತು ಚಾಚಿ ಅತ್ತಿತ್ತ ನೋಡಿ ಬಹಳ ಮರ್ಯಾದೆಯಿಂದಲೇ ಕೇಳಿದರು.

"ಯಕ್ಕಾ, ಇದನ್ನ ಮನಿ ಅಂತ ಬರಕೊಳ್ಳಲೋ, ಗೋದಾಮು ಅಂತ ಬರಕೊಳ್ಳಲೋ?"

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಅದೇ ಸಕ್ರವ್ವನಿಗೆ ಹೆಚ್ಚು ಚುಚ್ಚಿತು. "ಮನಿ ಅಂತ ಬರಕೊಳ್ರಿ" ಎಂದವಳೇ ಒಳಗೆ ಬಂದು, ಒಲೆಯ ಮುಂದೆ ಕೂತು, ಊದುಗೊಳವಿಯನ್ನು ಸುಮ್ಮನೆ ನೆಲಕ್ಕೆ ಕುಟ್ಟಿದಳು.

ವಿಜಾಪುರದ ಜೋರಾಪುರ ಪೇಟೆಯ ಓಣಿಯೊಂದರಲ್ಲಿದ್ದ ಆ ಮನೆಗೆ ಒಂದು ಪಡಸಾಲೆ, ಒಂದು ಕೋಣೆ, ಹಿಂದೆ ಒಲೆ ಹೂಡುವಷ್ಟು ಜಾಗ, ಇಷ್ಟೇ. ಇರುವವರೂ ಮೂವರೇ: ಸಕ್ರವ್ವ, ಹತ್ತಿ ಬಿಡಿಸುವ ಜೀನು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ಅಮಸಿದ್ದ, ಅವನ ತಾಯಿ ಮುದುಕವ್ವ. ಒಬ್ಬಳೇ ಮಗಳು ಹುಲಿಗೆವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಜಾಗ ಸಾಕಾಗಬೇಕಿತ್ತು. ಆದರೆ ಟಿಕೋಟಾದಲ್ಲಿ ಅಣ್ಣತಮ್ಮಂದಿರು ಪಾಲಾದ ವರ್ಷ ಕುರಿ, ಮನೆ ಎಲ್ಲ ಹಿರಿಯವನ ಕಡೆಗೆ ಹೋಗಿ, ತಾಯಿ ಅಮಸಿದ್ದನ ಪಾಲಿಗೆ ಬಂದಿದ್ದಳು. ಬರುವಾಗ ಚಕ್ಕಡಿ ತುಂಬ ಸಾಮಾನು ಹೇರಿಕೊಂಡು ಬಂದಿದ್ದಳು. ನಾಲಗೆಯಿಲ್ಲದ ಕುರಿಗಂಟೆಗಳು, ಉಣ್ಣೆಯ ಚೀಲಗಳು, ನುಸಿ ತಿಂದ ಕಂಬಳಿಗಳು, ತಳ ಹೋದ ಬುಟ್ಟಿಗಳು, ತುಕ್ಕು ಹಿಡಿದ ಉಣ್ಣೆಗತ್ತರಿಗಳು. ಅಮಸಿದ್ದನೂ ಬರಿಗೈಯಲ್ಲಿ ಮನೆಗೆ ಬರುವವನಲ್ಲ. ಹತ್ತಿಯ ಮೂಟೆ ಬಿಗಿಯುವ ಕಬ್ಬಿಣದ ಪಟ್ಟಿಯ ತುಂಡು, ಗೋಣಿತಟ್ಟು, ಯಂತ್ರದ ಹರಿದ ಪಟ್ಟಾ, ಹೀಗೆ ಏನಾದರೊಂದು ಹೆಗಲ ಮೇಲೆ ಇರುತ್ತಿತ್ತು. ಯಾವುದಕ್ಕೆಂದು ಕೇಳಿದರೆ "ಬೇಕಾಗ್ತಾವ" ಎನ್ನುತ್ತಿದ್ದ. ಸಕ್ರವ್ವ ಕೂಡಿಟ್ಟ ಖಾಲಿ ಎಣ್ಣೆಡಬ್ಬಿಗಳೂ ಅಟ್ಟದ ಮೇಲೆ ಸಾಲಾಗಿ ಇದ್ದವು. ಅವನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಮಾಸ್ತರರ ಮಾತು ಹೇಳಿದಾಗ ಅಮಸಿದ್ದ ನಕ್ಕ. "ಬರೋ ಆಯ್ತವಾರ ಎಲ್ಲಾ ಖಾಲಿ ಮಾಡೋಣು ಬಿಡು" ಎಂದ. ಆಯ್ತವಾರ ಬಂತು. ರಾಶಿಯೊಳಗಿಂದ ಮೊದಲು ಕೈಗೆ ಸಿಕ್ಕಿದ್ದು ಒಂದು ಕೆಟ್ಟ ಕಂದೀಲು. ಅಮಸಿದ್ದ ಅದನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಬೂದಿ ಹಚ್ಚಿ ತಿಕ್ಕಿದ, ಬತ್ತಿ ಏರಿಸುವ ತಿರುಪು ಸರಿಮಾಡಿದ, ಉಂಡೆದ್ದು ಬಂದು ಮತ್ತೆ ತಿಕ್ಕಿದ. ಹೊತ್ತು ಇಳಿಯುವ ವೇಳೆಗೆ ಕಂದೀಲು ಥಳಥಳ ಹೊಳೆಯುತ್ತಿತ್ತು. ಗಾಜು ಮಾತ್ರ ಇರಲಿಲ್ಲ.

"ಗಾಜು ಸಿಕ್ಕ ದಿನ ಹಚ್ಚೋಣು" ಎಂದು ಅದನ್ನು ಗೂಟಕ್ಕೆ ತೂಗುಹಾಕಿದ.

"ಇಡೀ ದಿನ ಇದನ್ನ ಮಾಡಿದ್ರಿ ಏನ್ರಿ?" ಎಂದಳು ಸಕ್ರವ್ವ.

"ಮತ್ತ? ಒಗೀಲೇನು? ಈಗ ಹೊಸಾದರಂಗ ಆಗೇತಿ."

ಆಮೇಲೆ ಸಕ್ರವ್ವ ಬೇರೆ ದಾರಿ ಹಿಡಿದಳು. ಯಾರಿಗೂ ಹೇಳದೆ ಒಂದೊಂದೇ ಸಾಮಾನು ಸಾಗಿಸಿದರಾಯಿತು ಎಂದುಕೊಂಡು, ಅತ್ತೆ ಗುಡಿಗೆ ಹೋದ ಹೊತ್ತಿನಲ್ಲಿ ತಳವಿಲ್ಲದ ಬುಟ್ಟಿಯೊಂದನ್ನು ಒಯ್ದು ಓಣಿಯ ಮೂಲೆಯ ತಿಪ್ಪೆಗೆ ಹಾಕಿ ಬಂದಳು. ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಎದೆ ಹಗುರವಾಗಿತ್ತು. ಸ್ವಲ್ಪ ಹೊತ್ತಿಗೆ ಮುದುಕವ್ವ ಹಣೆಗೆ ಭಂಡಾರ ಹಚ್ಚಿಕೊಂಡು, ಕಂಕುಳಲ್ಲಿ ಅದೇ ಬುಟ್ಟಿ ಇಟ್ಟುಕೊಂಡು ಬಂದಳು.

"ಸಕ್ರವ್ವಾ, ಯಾರೋ ತಿಳಿಗೇಡಿಗೋಳು ಎಂಥಾ ಬುಟ್ಟಿ ಒಗದಾರ ನೋಡಬೇ. ನಮ್ಮ ಮನ್ಯಾಗಿನ ಬುಟ್ಟಿ ಹಂಗಽ ಐತಿ. ಜೋಡಿ ಆಗ್ತೈತಿ ಅಂತ ತಂದೆ."

ಸಕ್ರವ್ವ, ಅತ್ತೆ ಕೋಣೆಯಲ್ಲಿ ಇನ್ನೊಂದು ಬುಟ್ಟಿಗಾಗಿ ಹುಡುಕಾಡುವುದನ್ನು ನೋಡುತ್ತ ನಿಂತಳು. ಅಂದಿಗೆ ಆ ಕೆಲಸವನ್ನೇ ಬಿಟ್ಟಳು. ಕಸ ಹೊಡೆಯುವಾಗ ಸಾಮಾನಿನ ಸುತ್ತ ಹೊಡೆದಳು. ಮಲಗುವಾಗ ಕಾಲು ಮಡಚಿಕೊಂಡಳು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಹುಲಿಗೆವ್ವನಿಗೆ ದಿನ ತುಂಬುತ್ತ ಬಂದಿದ್ದವು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಒಂದು ಮಧ್ಯಾಹ್ನ ಅವಳ ಅತ್ತೆ ಸೀತವ್ವ ಸೊಸೆಯನ್ನು ಕರೆದುಕೊಂಡು ಬಬಲೇಶ್ವರದ ಬಸ್ಸಿಗೆ ಬಂದಳು. ಕುಡಿಯಲು ನೀರು ಕೊಟ್ಟರೆ ಕೂರಲು ಜಾಗವಿಲ್ಲ, ಕೂರಲು ಜಾಗ ಮಾಡಿದರೆ ತಂಬಿಗೆ ಇಡಲು ಜಾಗವಿಲ್ಲ. ಸೀತವ್ವ ಕೆಟ್ಟವಳಲ್ಲ, ನೇರ ಮಾತಿನವಳು. ಕೋಣೆಯನ್ನು ಇಣುಕಿ ನೋಡಿ ಬಂದು ಹೇಳಿದಳು:

"ಬೀಗತೀ, ಸಿಟ್ಟಾಗಬ್ಯಾಡ್ರಿ. ಬಾಣಂತಿ ಮಲಗೋ ಹೊರಸು ಎಲ್ಲಿ ಹಾಕ್ತೀರಿ? ಹೊರಸಿನ ಬುಡಕ ಕೆಂಡ ಇಡಬೇಕು. ಒಂದ ಕಿಡಿ ಸಿಡಿದ್ರ ಈ ಉಣ್ಣಿ, ಈ ತಟ್ಟು ಎಲ್ಲಾ ಹತ್ತಿಕೊಳ್ತಾವ. ಬಾಣಂತನ ನಮ್ಮ ಮನ್ಯಾಗ ಮಾಡಿಕೊಳ್ತೀವಿ."

"ಹಂಗನಬ್ಯಾಡ್ರಿ. ಮಂದಿ ಏನಂತಾರ?" ಎಂದಳು ಸಕ್ರವ್ವ.

"ಮಂದಿ ಬಂದು ಮಲಗಂಗಿಲ್ಲ, ಇಕಿ ಮಲಗಬೇಕು. ಹುಣ್ಣಿವಿ ಆದ ಮ್ಯಾಲ ಇನ್ನೊಮ್ಮೆ ಕರಕೊಂಡು ಬರ್ತೀನಿ. ಒಂದು ಹೊರಸಿನಷ್ಟು ಜಾಗಾ ಆಗಿದ್ರ ಬಿಟ್ಟು ಹೋಗ್ತೀನಿ."

ಹೊರಡುವಾಗ ಹುಲಿಗೆವ್ವ ಅಜ್ಜಿಯ ಕಡೆ ಒಮ್ಮೆ ನೋಡಿ, ತಾಯಿಯ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಯವ್ವಾ, ಆಯಿ ಕೂಡ ಜಗಳಾ ತಗೀಬ್ಯಾಡ. ನಾ ಅಲ್ಲೇ ಇರ್ತೀನಿ ಬಿಡು" ಎಂದಳು. ಬೀಗತಿಯ ಮಾತನ್ನು ಸಕ್ರವ್ವ ತಡೆದುಕೊಂಡಿದ್ದಳು. ಮಗಳ ಮಾತು ತಡೆಯಲಾಗಲಿಲ್ಲ. ಅವಳು ಅಷ್ಟು ಸುಲಭವಾಗಿ ತವರನ್ನು ಬಿಟ್ಟುಕೊಟ್ಟಿದ್ದಳು.

ಮರುದಿನ ಅಮಸಿದ್ದ ಜೀನಿಗೆ ಹೋದದ್ದೇ ತಡ, ಸಕ್ರವ್ವ ಸೆರಗು ಬಿಗಿದಳು. ಎದುರಿಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಓಣಿಗೆ ತಂದಿಟ್ಟಳು. ತನ್ನ ಎಣ್ಣೆಡಬ್ಬಿಗಳನ್ನೂ ಬಿಡಲಿಲ್ಲ. ಧೂಳಿಗೆ ಸೀನು ಬಂದರೂ ನಿಲ್ಲಲಿಲ್ಲ. ಮುದುಕವ್ವ ಓಡಿಬಂದು ಉಣ್ಣೆಯ ಚೀಲವನ್ನು ತಬ್ಬಿಕೊಂಡು ಓಣಿಯಲ್ಲೇ ಕೂತಳು.

"ಇವನ್ನ ಒಗಿಯೂದಾದ್ರ ನನ್ನೂ ಇವುಗಳ ಜೋಡಿ ಒಗಿ."

"ಅತ್ತಿ, ನಿಮ್ಮ ಮೊಮ್ಮಗಳಿಗೆ ಮಲಗಾಕ ಜಾಗಾ ಇಲ್ಲ. ನುಸಿ ಹಿಡಿದ ಕಂಬಳಿಗೆ ಜಾಗಾ ಐತಿ. ಇದು ನಿಮಗ ಛಲೋ ಕಾಣತೈತೇನ್ರಿ?"

"ಯಾವುದೂ ಕೆಟ್ಟಿಲ್ಲ. ಎಲ್ಲಾ ಕೆಲಸಕ್ಕ ಬರ್ತಾವ."

"ಯಾರಿಗೆ ಬರ್ತಾವ? ಯಾವಾಗ ಬರ್ತಾವ?" ಸಕ್ರವ್ವನ ದನಿ ಏರಿತು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವಳಿಗೆ ನಾಚಿಕೆಯೂ ಆಯಿತು, ಸಾಕೂ ಆಯಿತು. ಕಟ್ಟೆಯ ಮೇಲೆ ಕುಸಿದು ಕೂತಳು.

ಆಗ ಎದುರು ಮನೆಯ ಟಾಂಗಾದ ಬಾಬುಸಾಬ ಹತ್ತಿರ ಬಂದ. ರಾಶಿಯನ್ನು ಒಂದು ಸುತ್ತು ನೋಡಿ, ಮುದುಕವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಆಯಿ, ಆ ಹರಕ ಕಂಬಳಿ ನನಗ ಕೊಡ್ತೀಯೇನು? ಸರಂಜಾಮು ತಿಕ್ಕಿ ಕುದುರಿ ಬೆನ್ನ ಗಾಯ ಆಗೇತಿ. ಬುಡಕ ಹಾಕಾಕ ಮೆತ್ತಂದು ಬೇಕಿತ್ತು."

ಮುದುಕವ್ವ ಅವನ ಮುಖವನ್ನೇ ನೋಡಿದಳು. "ನಿನಗ ಬೇಕೇನು?"

"ಬೇಕಂತಽ ಕೇಳಾಕತ್ತೇನಿ."

ಅವಳು ಎದ್ದಳು. ರಾಶಿಯೊಳಗೆ ಕೈಯಾಡಿಸಿ, ಅವನು ಕೇಳಿದ್ದನ್ನು ಬಿಟ್ಟು ಅದಕ್ಕಿಂತ ಒಳ್ಳೆಯದೊಂದನ್ನು ಎಳೆದು ಕೊಟ್ಟಳು. "ಇದು ನಮ್ಮ ಮನಿಯವ್ರು ಹೊದ್ದಕೊಂಡು ಅಡವ್ಯಾಗ ಕುರಿ ಕಾಯ್ತಿದ್ರು. ಕುದುರಿಗೆ ಬೆಚ್ಚಗ ಆಗ್ತೈತಿ" ಎಂದಳು. ಆಮೇಲೆ ಸಕ್ರವ್ವನ ಕಡೆ ತಿರುಗದೆ, ತನಗೇ ಎಂಬಂತೆ ಹೇಳಿದಳು: "ಟಿಕೋಟಾದಾಗ ಪಾಲ ಆದ ದಿನ ಇವನ್ನೆಲ್ಲಾ ಅಂಗಳದಾಗ ಇಟ್ಟಿದ್ದೆ. ಮಕ್ಕಳು, ಸೊಸ್ತ್ಯಾರು, ಯಾರೂ ಇದು ನನಗಿರಲಿ ಅನಲಿಲ್ಲ. ಯಾರಿಗೂ ಬ್ಯಾಡಾದ್ರ ಒಗದು ಬರಲೇನು? ಅದಕ್ಕ ಹೇರಿಕೊಂಡು ಬಂದೆ."

ಸಕ್ರವ್ವ ಆ ದಿನ ಅದೇ ಅಂಗಳದಲ್ಲಿ ನಿಂತಿದ್ದಳು. ಸಾಮಾನೆಲ್ಲ ಕಂಡಿತ್ತು, ಅತ್ತೆ ಕಾಯುತ್ತ ನಿಂತದ್ದು ಕಂಡಿರಲಿಲ್ಲ. ಕಟ್ಟೆಯಿಂದ ಎದ್ದು ಹೋಗಿ ಅತ್ತೆಗೆ ಕುಡಿಯಲು ನೀರು ತಂದುಕೊಟ್ಟಳು.

ಬಾಬುಸಾಬ ಕಂಬಳಿ ಒಯ್ದದ್ದನ್ನು ನೋಡಿ ಓಣಿಯವರು ಒಬ್ಬೊಬ್ಬರಾಗಿ ಬಂದರು. ರೇಣುಕವ್ವ ಎಂಬಾಕೆ ತಲೆದಿಂಬಿಗೆ ಉಣ್ಣೆ ಕೇಳಿದಳು. ಚಕ್ಕಡಿ ಮಾಡುವ ಶಿವಶರಣಪ್ಪ ಕಬ್ಬಿಣದ ಪಟ್ಟಿಗಳನ್ನು ಹೊತ್ತೊಯ್ದ. ಮುದುಕವ್ವ ಪ್ರತಿಯೊಂದರ ಕಥೆ ಹೇಳಿಯೇ ಕೊಟ್ಟಳು. ಕೇಳುವ ಪುರಸತ್ತಿಲ್ಲದವರಿಗೆ ಕೊಡಲಿಲ್ಲ. ಸಂಜೆ ಅಮಸಿದ್ದ ಬಂದಾಗ ಕೋಣೆಯ ನೆಲ ಕಾಣುತ್ತಿತ್ತು.

"ನನ್ನ ಪಟ್ಟಿ ಎಲ್ಲಿ?" ಎಂದು ಅವನು ಹೆಂಡತಿಯ ಮೇಲೆ ಕಣ್ಣು ಬಿಟ್ಟ. "ಯಾರನ್ನ ಕೇಳಿ ಕೊಟ್ಟಿ ಲೇ?"

"ನಾ ಕೊಟ್ಟೇನಪಾ" ಎಂದಳು ಮುದುಕವ್ವ. "ಬೇಕಂದ್ರು, ಕೊಟ್ಟೆ. ನಿನ್ನ ಕಂದೀಲಾನೂ ಕೊಟ್ಟೆ."

ಅಮಸಿದ್ದ ಕೈಕಾಲು ತೊಳೆದು ಬಂದು, ಕೋಣೆಯ ನಡುವೆ ನಿಂತು, ಯಾವ ಗೋಡೆಗೆ ಒರಗಬೇಕೆಂದು ತಿಳಿಯದವನಂತೆ ಸುತ್ತ ನೋಡಿದ. ಮರುದಿನ ತಾನೇ ಸುಣ್ಣ ತಂದು ಗೋಡೆಗೆ ಬಳಿದ.

ಇಲ್ಲಿಗೆ ಮುಗಿದಿದ್ದರೆ ಸಕ್ರವ್ವ ಸುಖವಾಗಿರುತ್ತಿದ್ದಳು. ಆದರೆ ಮುದುಕವ್ವನಿಗೆ ಕೊಡುವ ರುಚಿ ಹತ್ತಿಬಿಟ್ಟಿತ್ತು. ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು "ಏನರ ಬೇಕೇನಬೇ?" ಎಂದು ಕೇಳತೊಡಗಿದಳು. ಸಕ್ರವ್ವ ಬಾವಿಗೆ ಹೋಗಬೇಕೆಂದರೆ ಹಗ್ಗ ಇಲ್ಲ. ಹಿಟ್ಟು ಜರಡಿ ಹಿಡಿಯಬೇಕೆಂದರೆ ಜರಡಿ ಇಲ್ಲ. ಕೇಳಿದರೆ ಮುದುಕವ್ವ, "ಪಾಪ, ಅವರ ಮನ್ಯಾಗ ಇದ್ದಿಲ್ಲ" ಎನ್ನುತ್ತಿದ್ದಳು.

ಹುಣ್ಣಿಮೆ ಕಳೆದು ಸೀತವ್ವ ಹುಲಿಗೆವ್ವನನ್ನು ಕರೆತಂದ ದಿನ ರೊಟ್ಟಿ ಬಡಿಯಲು ಕೂತರೆ ಒಲೆಯ ಮೇಲಿಡಲು ಹಂಚೇ ಇರಲಿಲ್ಲ. ಸಕ್ರವ್ವ ಹಲ್ಲು ಕಚ್ಚಿಕೊಂಡು ಹಂಚು ಕೇಳಲು ರೇಣುಕವ್ವನ ಮನೆಗೆ ಹೋದಳು. ಅವಳ ಒಲೆಯ ಮೇಲೆ ತನ್ನ ಹಂಚು ಕಂಡಿತು.

"ಆಯಿ ಪ್ರೀತಿಲೆ ಕೊಟ್ಟಾಳ, ತಿರುಗಿ ಹೆಂಗ ಕೊಡ್ಲಿ? ಬೇಕಂದ್ರ ಕಡಾ ಒಯ್ಯಿ" ಎಂದಳು ರೇಣುಕವ್ವ.

ತನ್ನ ಹಂಚನ್ನು ತಾನೇ ಕಡ ತಂದು ಸಕ್ರವ್ವ ಬೀಗತಿಗೆ ರೊಟ್ಟಿ ಮಾಡಿ ಹಾಕಿದಳು. ಸೀತವ್ವ ಗೋಡೆಗೆ ಒರಗಿ, ಕಾಲು ಚಾಚಿ ಉಂಡಳು. ಹೊರಸು ಹಾಕಿದ ಕೋಣೆಯನ್ನು ನೋಡಿದಳು. ಹೋಗುವಾಗ, "ಛಲೋ ಮಾಡೀರಿ. ಇಕೀನ ಬಿಟ್ಟು ಹೋಗ್ತೀನ್ರಿ" ಎಂದಳು.

ಹತ್ತಾರು ದಿನಕ್ಕೆ ಹುಲಿಗೆವ್ವ ಹೆಣ್ಣು ಹಡೆದಳು. ಮುದುಕವ್ವನೇ ಹೊರಸಿನ ಕೆಳಗೆ ಕೆಂಡ ಇಟ್ಟು ಪಕ್ಕದಲ್ಲಿ ಕೂತಳು. ಸಕ್ರವ್ವ ಪೇಟೆಯಿಂದ ಹೊಸ ಹಂಚು ತಂದು, ಅದನ್ನೂ ಒಲೆಯ ಸಾಮಾನುಗಳನ್ನೂ ತನ್ನ ಟ್ರಂಕಿನಲ್ಲಿ ತುಂಬಿ ಕೀಲಿ ಹಾಕಿದಳು. ಪ್ರತಿ ಹೊತ್ತಿಗೂ ಬೀಗ ತೆಗೆದು ಅಡುಗೆ ಮಾಡುವುದು ದೊಡ್ಡ ರಗಳೆಯಾಯಿತು. ಗೊಣಗುತ್ತಲೇ ಮಾಡಿದಳು. ಆದರೆ ಮಧ್ಯಾಹ್ನ ಮಗಳೂ ಮೊಮ್ಮಗಳೂ ಮಲಗಿದಾಗ ಅವರ ಪಕ್ಕದ ನೆಲದ ಮೇಲೆ ಕಾಲು ಪೂರಾ ಚಾಚಿಕೊಂಡು ತಾನೂ ಮಲಗುತ್ತಿದ್ದಳು.